ಶ್ರೀಪತಿ ಮಾಮನ ಅಸ್ಫಿಕ್ಸಿಯಾ

ಆ ಮಾತನ್ನು ಮೊದಲು ಆಡಿದವರು ಶ್ರೀಪತಿ ಮಾಮನೋ ನಾನೋ ಎಂಬುದು ಬಹಳ ಕಾಲ ನನಗೆ ಖಚಿತವಿರಲಿಲ್ಲ. ಖಚಿತವಿದೆ ಎಂದುಕೊಂಡೇ ಒಂದು ಲೇಖನ ಬರೆದೆ. ಅದರಿಂದ ಸ್ವಲ್ಪ ಹೆಸರೂ ಬಂತು. ಅನುಮಾನ ಹುಟ್ಟಿದ್ದು ಆಮೇಲೆ. ಆ ಲೇಖನದಲ್ಲಿ ನಾನು ಅಂದು ಹೊರಗೆ ಜೋರು ಮಳೆ ಎಂದು ಬರೆದಿದ್ದೇನೆ. ಅದು ಮೇ ತಿಂಗಳು. ಚೆನ್ನೈಯ ಅಡ್ಯಾರಿನ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಕಾಲ. ಮಳೆಯನ್ನೇ ತಂದು ಸುರಿಸಿಕೊಂಡ ನೆನಪು ಇನ್ನೇನನ್ನು ತಂದುಕೊಂಡಿರಬಹುದು?

ಅನುಮಾನವಿಲ್ಲದೆ ಹೇಳಬಲ್ಲದ್ದು ಒಂದಿದೆ. ಮಾಮ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದರು. ಪುಸ್ತಕವನ್ನು ತಿರುಗಿಸಿ ಹಿಡಿದು ಅಲ್ಲ. ಕೊನೆಯ ಸಾಲಿನ ಕೊನೆಯ ಪದದಿಂದ ಹೊರಟು, ಒಂದೊಂದೇ ಪದ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ. ಪ್ಯಾರೀಸ್ ಕಾರ್ನರಿನ ಹತ್ತಿರ, ಸೌಕಾರ್‌ಪೇಟೆಗೆ ಹೋಗುವ ದಾರಿಯಲ್ಲಿ, ವೈದ್ಯಕೀಯ ಪುಸ್ತಕಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಅವರು ಮೂವತ್ತೈದು ವರ್ಷ ಪ್ರೂಫ್ ನೋಡಿದವರು. ನಿವೃತ್ತರಾದ ಮೇಲೂ ಬೆಳಗಿನ ಪೇಪರನ್ನು ಹಾಗೆಯೇ ಓದುತ್ತಿದ್ದರು.

“ಮೇಲಿಂದ ಓದಿದ್ರೆ ಅರ್ಥ ಬಂದ್ಬಿಡತ್ತೆ ಪಾ,” ಎನ್ನುತ್ತಿದ್ದರು. “ಅರ್ಥ ಬಂತು ಅಂದ್ರೆ ಕಣ್ಣು ಮುಚ್ಚಿತು ಅಂತಲೇ. ತಪ್ಪು ಮುಂದೆ ನಿಂತು ಕೈ ಬೀಸಿದ್ರೂ ಕಾಣಲ್ಲ.”

ನಮ್ಮದು ಅಡ್ಯಾರಿನ ಒಂದು ಹಳೆಯ ಅಪಾರ್ಟ್‌ಮೆಂಟು. ಎರಡನೇ ಮಹಡಿಯಲ್ಲಿ ಅವರು, ಮೂರನೆಯದರಲ್ಲಿ ನಾವು. ಅವರ ತಾತನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವರ ಮನೆ. ಕನ್ನಡದಲ್ಲಿ ಅರ್ಧ ತಮಿಳು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮಾಲಿನಿ, ಅಣ್ಣಾ ನಗರದಲ್ಲಿ ಇದ್ದಳು. ಭಾನುವಾರ ಬಂದು ಹೋಗುತ್ತಿದ್ದಳು. ಮಾಮ ಓದಿದ್ದು ಎಸ್ಸೆಸ್ಸೆಲ್ಸಿ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಪದಗಳ ಅರ್ಥ ಹೇಗೆ ಬದಲಾಗುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಿದವನು. ಅದು ತಿಳಿದ ದಿನದಿಂದ ಅವರು ನನ್ನನ್ನು ಕರೆದದ್ದು ‘ಡಾಕ್ಟ್ರೇ’ ಎಂದು. “ಏನ್ ಡಾಕ್ಟ್ರೇ, ಇವತ್ತು ಯಾವ ಪದಕ್ಕೆ ಜ್ವರ?”

ಉಸಿರು ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿರುವ ‘ಅಸ್ಫಿಕ್ಸಿಯಾ’ ಎಂಬ ಪದದ ಕಥೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ, ನಮ್ಮ ಮನೆಯ ಊಟದ ಮೇಜಿನ ಮುಂದೆ. ನನ್ನ ಹೆಂಡತಿ ಸುಧಾ ಬಡಿಸುತ್ತಿದ್ದಳು.

“ಮೊದಲು ಅದಕ್ಕೂ ಉಸಿರಿಗೂ ಸಂಬಂಧವೇ ಇಲ್ಲ ಸುಧಾ. ಗ್ರೀಕರ ಮಾತು. ನಾಡಿ ಇಲ್ಲದಿರೋದು ಅಂತ ಅರ್ಥ. ಇಂಗ್ಲಿಷಿಗೆ ಬಂದಾಗಲೂ ಹಾಗೇ ಬಂತು, ನಾಡಿ ನಿಂತವನಿಗೆ ಇಟ್ಟ ಹೆಸರಾಗಿ. ಆಮೇಲೆ ನೀರಲ್ಲಿ ಮುಳುಗಿದವರನ್ನ ಎತ್ತಿ ಬದುಕಿಸೋ ಪ್ರಯತ್ನ ಶುರುವಾಯ್ತು ನೋಡು, ಆಗ ಸತ್ತ ಹಾಗೆ ಕಾಣೋರಿಗೆಲ್ಲ ಅದೇ ಹೆಸರು. ಮುಳುಗಿದವರು, ನೇಣು ಹಾಕ್ಕೊಂಡವರು, ಹೊಗೆ ಕುಡಿದವರು. ಇವರಿಗೆಲ್ಲ ಆಗಿದ್ದೇನು? ಉಸಿರು ಕಟ್ಟಿತ್ತು. ಹೆಸರು ಮೆಲ್ಲಗೆ ನಾಡಿಯ ಕೈ ಬಿಟ್ಟು ಉಸಿರಿನ ಕೈ ಹಿಡ್ಕೊಂಡು ಹೊರಟೇ ಹೋಯ್ತು. ತಮಾಷೆ ಏನು ಗೊತ್ತಾ? ಉಸಿರು ಕಟ್ಟಿದ ಮೇಲೂ ನಾಡಿ ಸ್ವಲ್ಪ ಹೊತ್ತು ಹೊಡ್ಕೋತಾನೇ ಇರತ್ತೆ. ನಾಡಿ ಇಲ್ಲ ಅಂತ ಹೆಸರಿಟ್ಟು ಕೂಗ್ತಾ ಇದ್ದೀವಿ, ಅದು ಒಳಗೆ ಡಬ್ ಡಬ್ ಅಂತಿದೆ!”

ಸುಧಾ ಸೌಟು ಹಿಡಿದುಕೊಂಡು ನಿಂತೇ ಬಿಟ್ಟಿದ್ದಳು. ನನ್ನ ಎಲೆಗೆ ಬರಬೇಕಾದ ಸಾರು ಬರಲಿಲ್ಲ. ಮಾಮ ಹೋದ ಮೇಲೆ ಹೇಳಿದಳು: “ಇಷ್ಟು ವರ್ಷದಲ್ಲಿ ನೀವು ಒಂದು ಪದವನ್ನಾದರೂ ನನಗೆ ಹೀಗೆ ಹೇಳಿದ್ದೀರಾ?”

ಹೇಳಿರಲಿಲ್ಲ. ನನ್ನ ಪ್ರಬಂಧದ ಮುನ್ನೂರು ಪುಟಗಳಲ್ಲಿ ಆ ಪದವೇ ಇರಲಿಲ್ಲ. ಮರುದಿನ ಕಾಲೇಜು ಲೈಬ್ರರಿಗೆ ಹೋಗಿ ದೊಡ್ಡ ನಿಘಂಟು ತೆಗೆದೆ. ಮಾಮ ತಪ್ಪಿರಲಿ ಎಂಬ ಆಸೆಯಿಂದ ಹೋದೆ ಎಂಬುದನ್ನು ಈಗ ಮುಚ್ಚಿಡುವುದಿಲ್ಲ. ಎರಡು ದಿನ ಹುಡುಕಿದೆ. ಅವರು ಎಲ್ಲೂ ತಪ್ಪಿರಲಿಲ್ಲ.

ಅವರಿಗೆ ಆ ಪದ ಸಿಕ್ಕ ಬಗೆ ಕೇಳಿ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ನ್ಯಾಯವೈದ್ಯಶಾಸ್ತ್ರದ ಪಠ್ಯವೊಂದು ಅವರ ಮೇಜಿಗೆ ಬಂದಿತ್ತಂತೆ. ಆ ಪದದ ಮೂಲಾರ್ಥ ‘ಉಸಿರಿಲ್ಲದಿರುವುದು’ ಎಂದು ಬರೆದಿತ್ತಂತೆ. ಆ ಪ್ರೆಸ್ಸಿನಲ್ಲಿ ಒಂದು ಕಟ್ಟುಪಾಡು. ಅಕ್ಷರ ತಪ್ಪಿದ್ದರೆ ಪ್ರೂಫ್ ನೋಡುವವನು ತಿದ್ದಬಹುದು. ವಿಷಯ ತಪ್ಪೆನಿಸಿದರೆ ತಿದ್ದುವಂತಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕರಿಗೆ ಕಳಿಸಬೇಕು, ಅಷ್ಟೇ. ಮಾಮ ಚಿಹ್ನೆ ಹಾಕಿದರು. ಲೇಖಕರು, ದೊಡ್ಡ ಡಾಕ್ಟರು, ಕಾರಿನಲ್ಲಿ ಪ್ರೆಸ್ಸಿಗೇ ಬಂದರು.

“ಯಾರುಯ್ಯಾ ನೀ? ಪ್ರೂಫ್ ರೀಡರಾ, ಪ್ರೊಫೆಸರಾ?”

“ನಾ ಏನೂ ತಿದ್ದಿಲ್ಲ ಸಾರ್,” ಎಂದರಂತೆ ಮಾಮ, ತಮಿಳಿನಲ್ಲೇ. “ಕೇಳ್ದೆ.”

ಪುಸ್ತಕ ಹೇಗಿತ್ತೋ ಹಾಗೇ ಅಚ್ಚಾಯಿತು. “ನಿಮಗೆ ಕೋಪ ಬರಲಿಲ್ಲವಾ?” ಎಂದು ಕೇಳಿದೆ. “ಯಾಕ್ ಬರ್ಬೇಕು? ಕೇಳೋ ತನಕ ನನ್ನ ಡ್ಯೂಟಿ. ಉತ್ತರ ಕೊಡೋದು ಆಥರ್ ಡ್ಯೂಟಿ. ಅವನ ಡ್ಯೂಟಿ ಅವನು ಮಾಡಿಲ್ಲ ಅಂತ ನಾ ಯಾಕೆ ಬಿ.ಪಿ. ಏರಿಸ್ಕೊಳ್ಳಲಿ?” ನನಗೆ ಆ ಸಮಾಧಾನದ ಮೇಲೂ ಅಸೂಯೆ. ನನ್ನ ಒಂದು ಲೇಖನವನ್ನು ಪತ್ರಿಕೆಯೊಂದು ಹಿಂದಿರುಗಿಸಿದ್ದಕ್ಕೆ ನಾನು ಆರು ತಿಂಗಳು ಆ ಸಂಪಾದಕರ ಹೆಸರು ಹೇಳಿರಲಿಲ್ಲ.

ಆಮೇಲೆ ಕೊರೋನಾ ಬಂತು. ಎರಡನೇ ಅಲೆಯ ಆ ಮೇ ತಿಂಗಳಲ್ಲಿ ಎಲ್ಲರ ಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು. ಮಾಮನಿಗೂ ಮಾಲಿನಿ ಒಂದನ್ನು ಕೊರಿಯರ್ ಮಾಡಿದ್ದಳು. ನಾನು ಅವರಿಗೆ ಹಾಲಿನ ಪ್ಯಾಕೆಟ್ ಕೊಡಲು ಇಳಿದಿದ್ದೆ. ಅವರು ಬಾಗಿಲಿನ ಒಳಗೆ ಕುರ್ಚಿಯಲ್ಲಿ, ನಾನು ಹೊರಗೆ ಮೆಟ್ಟಿಲ ಮೇಲೆ, ಇಬ್ಬರಿಗೂ ಮಾಸ್ಕು. ಅವರು ಬೆರಳನ್ನು ನನ್ನತ್ತ ಚಾಚಿದರು. ನಾನು ಫೋನಿನಲ್ಲಿ ಅದರ ಚಿತ್ರ ತೆಗೆದೆ. ಮೇಲೆ ತೊಂಬತ್ತೇಳು, ಕೆಳಗೆ ಎಂಬತ್ತೆರಡು. ಮೇಲಿನದು ರಕ್ತದಲ್ಲಿರುವ ಆಮ್ಲಜನಕ, ಅಂದರೆ ಉಸಿರಿನ ಲೆಕ್ಕ, ಕೆಳಗಿನದು ನಾಡಿ. ಆ ಒಂದು ಪದ ಮುನ್ನೂರು ವರ್ಷದಲ್ಲಿ ಎಲ್ಲಿಂದ ಹೊರಟು ಎಲ್ಲಿಗೆ ಬಂತೋ ಆ ಎರಡೂ ಅರ್ಥ ಒಂದು ಬೆರಳಿನ ಮೇಲೆ ಒಟ್ಟಿಗೆ ಮಿನುಗುತ್ತಿದ್ದವು.

ಈ ಮಾತನ್ನು ಯಾರು ಹೇಳಿದರು? ನನ್ನ ನೆನಪಿನಲ್ಲಿ, ನಾನು. ಮಾಮ ತಲೆಯಾಡಿಸಿ ನಕ್ಕರು. ಮಾಸ್ಕಿನ ಮೇಲೆ ಅವರ ಕಣ್ಣು ಸಣ್ಣಗಾದದ್ದು ಸ್ಪಷ್ಟವಾಗಿ ನೆನಪಿದೆ. ಆದರೆ ಮಾತಿಗೆ ನಗುವವನೂ ಕಣ್ಣು ಸಣ್ಣಗೆ ಮಾಡುತ್ತಾನೆ, ಮಾತಾಡಿದವನೂ ಮಾಡುತ್ತಾನೆ.

ನಾನು ಅದೇ ವಾರ ಲೇಖನ ಬರೆದೆ. ಪದದ ಕಥೆಯನ್ನು ‘ನೆರೆಯ ಹಿರಿಯರೊಬ್ಬರು’ ಹೇಳಿದ್ದೆಂದು ಒಂದು ಸಾಲಿನಲ್ಲಿ ಮುಗಿಸಿದೆ. ಬೆರಳಿನ ಭಾಗಕ್ಕೆ ಬಂದಾಗ ‘ಥಟ್ಟನೆ ನನಗೆ ಹೊಳೆಯಿತು’ ಎಂದು ಬರೆದೆ. ಓದಿದವರೆಲ್ಲ ಮೆಚ್ಚಿದ್ದು ಆ ಭಾಗವನ್ನೇ. ಎರಡು ಕಾಲೇಜಿನವರು ಆನ್‌ಲೈನ್ ಉಪನ್ಯಾಸಕ್ಕೆ ಕರೆದರು. ಒಬ್ಬ ಪ್ರಕಾಶಕರು ಇಂಥ ಲೇಖನಗಳದ್ದೇ ಪುಸ್ತಕ ಮಾಡೋಣ ಎಂದರು, ಆ ಲೇಖನವೇ ಮೊದಲು ಇರಲಿ ಎಂದರು. ಸುಧಾ ಮಾತ್ರ ಓದಿ, ಮಡಿಸಿಟ್ಟು, “ಮಾಮಂಗೆ ತೋರಿಸಿದ್ರಾ?” ಎಂದಳು.

ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಪ್ರೂಫನ್ನು ಅವರಿಗೆ ಕೊಟ್ಟೆ. ಕೊಟ್ಟದ್ದು ಸುಧಾಳ ಬಾಯಿ ಮುಚ್ಚಿಸಲು. ನಾಲ್ಕು ದಿನ ಬಿಟ್ಟು ಕರೆದರು. ಆಗ ಅವರಿಗೆ ಎದ್ದು ಓಡಾಡುವುದು ಕಷ್ಟವಾಗಿತ್ತು. ಮಂಚದ ಮೇಲೆ ಒರಗಿ ಕೂತಿದ್ದರು, ಹಾಳೆಗಳು ಮಡಿಲಲ್ಲಿ.

“ಕಾಮಾ ಎಲ್ಲಾ ಮಳೆ ಹುಯ್ದ ಹಾಗೆ ಹುಯ್ದಿದ್ದೀಯ ಡಾಕ್ಟ್ರೇ. ಅರ್ಧ ತೆಗ್ದಿದ್ದೀನಿ.”

ತಿರುವಿ ನೋಡಿದೆ. ಅಕ್ಷರ ತಪ್ಪುಗಳೆಲ್ಲ ಅಚ್ಚುಕಟ್ಟಾಗಿ ತಿದ್ದಿದ್ದವು. ಮೊದಲ ಲೇಖನದಲ್ಲಿ, ‘ಥಟ್ಟನೆ ನನಗೆ ಹೊಳೆಯಿತು’ ಎಂಬ ಸಾಲಿನ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ.

“ಇದೇನು ಮಾಮ?”

“ಏನು?”

“ಈ ಚಿಹ್ನೆ. ಏನು ಕೇಳ್ತಿದ್ದೀರಿ?”

“ಶುಮ್ಮಾ, ಸುಮ್ನೆ ಕೇಳ್ದೆ ಪಾ.” ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. “ಉತ್ತರ ಇದ್ರೆ ಹಾಗೇ ಬಿಡು. ಇಲ್ಲಾಂದ್ರೆ ನೋಡು. ಸುಧಾ ಕಾಫಿ ಕಳಿಸ್ತಾಳಾ?”

ಕಾಫಿ ತಂದುಕೊಟ್ಟೆ. ಡಿಕಾಕ್ಷನ್ ನೀರಾಗಿದೆ ಎಂದು ಬೈದರು, ಪೂರ್ತಿ ಕುಡಿದರು. ಅಕಾಡೆಮಿಯವರು ನನಗೇನಾದರೂ ಕೊಟ್ಟರೆ ಶಾಲನ್ನು ತಮಗೆ ಕೊಡಬೇಕು, ಎ.ಸಿ. ಹಾಕಿದರೆ ಕಾಲು ತಣ್ಣಗಾಗುತ್ತದೆ ಎಂದರು. ನಾನು ಮೇಲೆ ಬಂದು ರಬ್ಬರಿನಿಂದ ಆ ಚಿಹ್ನೆಯನ್ನು ಅಳಿಸಿದೆ. ಅವರಿಗೆ ಮರೆವು ಶುರುವಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು, ಅವರು ಇನ್ನೂ ಬಸ್ಸುಗಳ ನಂಬರನ್ನೆಲ್ಲ ತಪ್ಪಿಲ್ಲದೆ ಹೇಳುತ್ತಿದ್ದರು. ಪುಸ್ತಕ ಆ ಸಾಲಿನೊಂದಿಗೇ ಬಂತು. ಅಷ್ಟರಲ್ಲಿ ಮಾಮ ಇರಲಿಲ್ಲ. ಒಂದು ಬೆಳಗ್ಗೆ ಕೆಲಸದ ಲಕ್ಷ್ಮಿ ಬಾಗಿಲು ತಟ್ಟಿ, ಅವರು ಏಳಲಿಲ್ಲವೆಂದು ಮೇಲೆ ಓಡಿ ಬಂದಿದ್ದಳು.

ಕಳೆದ ತಿಂಗಳು ಪ್ರಕಾಶಕರು ಎರಡನೇ ಮುದ್ರಣಕ್ಕೆ ತಿದ್ದುಪಡಿ ಇದ್ದರೆ ಕಳಿಸಿ ಎಂದರು. ಅದೇ ವಾರ ಮಾಲಿನಿ ಅಪ್ಪನ ಮನೆ ಖಾಲಿ ಮಾಡಲು ಬಂದಳು. ನಾನು ಸುತ್ತಿ ಬಳಸಿ ಕೇಳಿದೆ, ಮಾಮ ಆಕ್ಸಿಮೀಟರ್ ಬಗ್ಗೆ ಯಾವಾಗಲಾದರೂ ಏನಾದರೂ ಹೇಳಿದ್ದರಾ ಎಂದು. ಅವಳು ನಕ್ಕಳು.

“ಅಂಕಲ್, ಅಪ್ಪಾ ಕಳಿಸ್ತಿದ್ದದ್ದೆಲ್ಲ ವಾಯ್ಸ್ ಮೆಸೇಜೇ. ನಾನ್ ಒಂದನ್ನೂ ಡಿಲೀಟ್ ಮಾಡಿಲ್ಲ.”

ಹುಡುಕಲು ಹತ್ತು ನಿಮಿಷ ಹಿಡಿಯಿತು. ಫೋನನ್ನು ಅವಳು ನನ್ನ ಕೈಗೆ ಕೊಟ್ಟಳು. ಮೊದಲು ಒಂದು ಕೆಮ್ಮು, ಆಮೇಲೆ ಮಾಮನ ದನಿ.

“ಮಾಲೂ, ನೀ ಕಳ್ಸಿದ ಮಿಷಿನ್ ಬಂತು ಕಣೇ. ನೋಡು, ಮೇಲೆ ಉಸಿರು, ಕೆಳಗೆ ನಾಡಿ. ಅಸ್ಫಿಕ್ಸಿಯಾದ ಹಳೇ ಅರ್ಥ, ಹೊಸ ಅರ್ಥ, ಎರಡೂ ನನ್ನ ಒಂದ್ ಬೆರಳ್ ಮೇಲೆ ಕೂತಿದೆ. ನಾಳೆ ಮೇಲಿನ ಮನೆ ಡಾಕ್ಟ್ರಿಗೆ ಹೇಳ್ಬೇಕು. ಪಾಪ, ಅವನಿಗೆ ಇಂಥದ್ದು ಸಿಕ್ರೆ ಖುಷಿಯಾಗತ್ತೆ.”

ಸಂದೇಶದ ತಾರೀಖು ಬರೆದುಕೊಂಡೆ. ಲೇಖನದ ಜೊತೆ ಅಚ್ಚಾದ ಬೆರಳಿನ ಚಿತ್ರವನ್ನು ಅಂದು ಮೆಟ್ಟಿಲ ಮೇಲೆ ನಿಂತು ತೆಗೆದವನು ನಾನೇ. ನನ್ನ ಫೋನಿನಲ್ಲಿ ಅದರ ತಾರೀಖನ್ನೂ ನೋಡಿದೆ. ಮಾಮನ ಸಂದೇಶ ಅದರ ಹಿಂದಿನ ಸಂಜೆಯದು.