ಕರಡಿಗೆ ಸಿಗದ ವಿರಾಮ

ನಾನು ಬಿಚ್ಚಲಾಗದ ಜಿಪ್ಪು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಸುಮ್ಮನೆ ಕೊಚ್ಚಿಕೊಳ್ಳುತ್ತಿಲ್ಲ. ನಮ್ಮ ಫುಟ್‌ಬಾಲ್ ಕ್ರೀಡಾಂಗಣದ ಸಾಮಾನು ಕೋಣೆ ನನ್ನ ಸುಪರ್ದಿನಲ್ಲಿದೆ. ಅಲ್ಲಿ ಹರಿದ ಬಲೆ, ಬಾವುಟ, ಗಾಳಿ ಹೋದ ಚೆಂಡುಗಳ ನಡುವೆ ಕ್ಲಬ್ಬಿನ ಕರಡಿ ವೇಷವೂ ಇದೆ. ಪಂದ್ಯದ ದಿನ ಆ ವೇಷದೊಳಗೆ ನನ್ನ ಹೆಂಡತಿಯ ತಮ್ಮ ಇರುತ್ತಾನೆ.

ಮೊದಲು ಅವನು ಗೇಟು ಕಾಯುತ್ತಿದ್ದ. ಹಳೆಯ ಕರಡಿ ಮೂರ್ಛೆ ಹೋದ ದಿನ, ಎತ್ತರ ಸರಿಹೋಗುತ್ತದೆ ಎಂದು ಇವನನ್ನು ಹಿಡಿದು ಒಳಗೆ ತುರುಕಿದರು. ಇವತ್ತೊಂದು ದಿನ ಸುಧಾರಿಸಿಕೋ ಅಂದಿದ್ದರು. ಆ ಒಂದು ದಿನ ಮುಗಿಯುವಷ್ಟರಲ್ಲಿ ಅವನ ಮಕ್ಕಳಿಗೆ ಮೀಸೆ ಬಂದಿದೆ.

ವೇಷ ಎಷ್ಟು ದಪ್ಪವೆಂದರೆ, ಒಳಗೆ ಸೀನಿದ ಸದ್ದು ಹೊರಗೆ ಬರುವಷ್ಟರಲ್ಲಿ ನೆಗಡಿಯೇ ವಾಸಿಯಾಗಿರುತ್ತದೆ. ಜಿಪ್ಪು ಬೆನ್ನ ಹಿಂದೆ. ಕರಡಿಯ ಕೈ ಅಲ್ಲಿಗೆ ಎಟುಕುವುದಿಲ್ಲ. ಹಾಗಾಗಿ ಅವನನ್ನು ಒಳಗೆ ಹಾಕುವವನೂ ನಾನೇ, ಹೊರಗೆ ತೆಗೆಯುವವನೂ ನಾನೇ. ಈಗ ಅವನು ಮನೆಯಲ್ಲಿ ಅಂಗಿ ಬಿಚ್ಚುವಾಗಲೂ ಬೆನ್ನು ಕೊಟ್ಟು ನಿಲ್ಲುತ್ತಾನಂತೆ, ಯಾರಾದರೂ ಎಳೆಯಲಿ ಎಂದು.

ಅವನಿಗೆ ಸಕ್ಕರೆ ಕಾಯಿಲೆ. ಮಧ್ಯಂತರ ವಿರಾಮವೆಂದರೆ ಮಿಕ್ಕವರಿಗೆ ಚಹಾ, ಅವನಿಗೆ ಪ್ರಾಣ. ಸೀಟಿ ಊದಿದ್ದೇ ತಡ ಓಡಿ ಬರುತ್ತಾನೆ, ನಾನು ಜಿಪ್ಪು ಎಳೆಯುತ್ತೇನೆ, ಅವನು ಶೌಚಾಲಯದ ದಾರಿ ಹಿಡಿಯುತ್ತಾನೆ.

ಈಗ ಲೀಗಿನವರ ತಲೆಗೆ ಹುಳ ಹೊಕ್ಕಿತು. ವಿರಾಮದಲ್ಲಿ ಟಿವಿ ಮುಂದಿನವರು ಎದ್ದು ಹೋಗುತ್ತಾರಂತೆ. ಆದ್ದರಿಂದ ವಿರಾಮವೇ ಬೇಡ. ಆಟಗಾರರು ಗೆರೆಯ ಪಕ್ಕ ನಿಂತು ನೀರು ಕುಡಿಯಲಿ, ಅಷ್ಟು ಹೊತ್ತು ಕರಡಿ ಕ್ಯಾಮೆರಾ ಮುಂದೆ ಕುಣಿಯಲಿ, ಆಮೇಲೆ ಮತ್ತೆ ಆಟ. ಒಂದು ಸ್ನೇಹ ಪಂದ್ಯದಲ್ಲಿ ಇದನ್ನು ಪರೀಕ್ಷಿಸಿ, ಅಲ್ಲೇ ಸಮಿತಿ ತೀರ್ಮಾನಿಸುವುದೆಂದಾಯಿತು. ಆಟಗಾರರನ್ನು ಕೇಳಿದರು, ತರಬೇತುದಾರರನ್ನು ಕೇಳಿದರು, ಹುಲ್ಲು ಕತ್ತರಿಸುವವನ ಅಭಿಪ್ರಾಯವನ್ನೂ ಪಡೆದರು. ಕರಡಿಯನ್ನು ಯಾರೂ ಕೇಳಲಿಲ್ಲ.

"ಭಾವ, ಇದು ಪಾಸಾದ್ರೆ ನನ್ನ ಕಥೆ ಮುಗೀತು," ಎಂದ.

"ಬೇರೆ ಕೆಲಸ ನೋಡ್ಕೊಳೋ."

"ಈ ವಯಸ್ಸಲ್ಲಿ? ಏನಪ್ಪಾ ಅನುಭವ ಅಂದ್ರೆ, ಕರಡಿ ಅನ್ಲಾ?"

"ಹೆದರಬೇಡ. ಅವರು ನೀರು ಕುಡಿಯೋವಾಗ ಮೆಲ್ಲಗೆ ನಮ್ಮ ಕೋಣೆ ಬಾಗಿಲ ಹತ್ರ ಬಾ. ಕಣ್ಣು ಮಿಟುಕಿಸೋದ್ರೊಳಗೆ ಬಿಚ್ತೀನಿ. ನನ್ನ ಕೈ ಗೊತ್ತಲ್ಲ?"

"ಗೊತ್ತು. ಅದೇ ಭಯ."

ಪರೀಕ್ಷೆಯ ದಿನ ಹೇಳಿದಂತೆ ಬಂದ, ಬೆನ್ನು ಕೊಟ್ಟ. ನಾನು ಎಳೆದೆ. ಜಿಪ್ಪು ಎರಡು ಬೆರಳು ಇಳಿದು, ಕರಡಿಯ ಕೂದಲು ಕಚ್ಚಿಕೊಂಡು ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಬೇಗ ಭಾವ!"

"ಅಲ್ಲಾಡಬೇಡ್ವೋ!"

"ಅಲ್ಲಾಡದೆ ನಿಂತ್ರೆ ಇಲ್ಲೇ ಆಗ್ಹೋಗುತ್ತೆ!"

"ಕತ್ತರಿ ತರ್ಲಾ?"

"ಅಯ್ಯೋ ಬೇಡ! ಇದರ ಚರ್ಮ ಹರಿದ್ರೆ ಮ್ಯಾನೇಜರು ನನ್ನ ಚರ್ಮ ಸುಲೀತಾರೆ."

"ಕರಡಿ ಎಲ್ಲಿ ಸತ್ತೋಯ್ತು?" ಎಂದು ಕ್ಯಾಮೆರಾದವನು ಕೂಗಿದ. ಹೋಗಲೇಬೇಕಾಯಿತು.

ಆಮೇಲೆ ನಡೆದದ್ದನ್ನು ಆ ಮೈದಾನದ ಹುಲ್ಲು ಕೂಡ ಮರೆತಿರಲಾರದು. ಕರಡಿ ಕಾಲಿಗೆ ಕಾಲು ಹೆಣೆದು ಜಿಗಿಯಿತು. ಒಂಟಿಕಾಲಲ್ಲಿ ಬುಗುರಿಯಂತೆ ತಿರುಗಿತು. ಗೋಲ್ ಕಂಬವನ್ನು ತಬ್ಬಿಕೊಂಡು, ಆಕಾಶ ನೋಡಿ, ಮೈಯೆಲ್ಲ ನಡುಗಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೋಲ್‌ಕೀಪರ್ ನೀರು ಕುಡಿಯುವುದನ್ನು ಬಿಟ್ಟು ಕರಡಿಯನ್ನೇ ನೋಡುತ್ತ ನಿಂತ. ಸಮಿತಿಯ ಅಧ್ಯಕ್ಷರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಅದು ಕುಣಿತವಲ್ಲ ಎಂಬುದು ಇಡೀ ಕ್ರೀಡಾಂಗಣದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಪಂದ್ಯ ಮುಗಿದ ಮೇಲೆ ಇಕ್ಕಳ ಹಾಕಿ ಜಿಪ್ಪು ಬಿಡಿಸಿದೆ. ಅವನು ನುಗ್ಗಿಹೋದ ರಭಸಕ್ಕೆ ಶೌಚಾಲಯದ ಬಾಗಿಲು ಇನ್ನೂ ಅಲ್ಲಾಡುತ್ತಿದೆ.

ಅವನು ಹೊರಬರುವುದಕ್ಕೂ ಮ್ಯಾನೇಜರು ಕೋಣೆಗೆ ಕಾಲಿಡುವುದಕ್ಕೂ ಸರಿಹೋಯಿತು. "ಪಾಸಾಯ್ತು ಕಣ್ರೀ! ಅಧ್ಯಕ್ಷರಿಗೆ ಅನುಮಾನ ಇತ್ತು, ನಿಮ್ಮ ಕುಣಿತ ನೋಡಿ ಒಪ್ಪಿಬಿಟ್ರು. ಇನ್ಮೇಲೆ ಪ್ರತಿ ಪಂದ್ಯದಲ್ಲೂ ಹೀಗೇ ಕುಣೀಬೇಕು. ಒಂಚೂರೂ ಕಮ್ಮಿ ಆಗ್ಬಾರದು!" ಎಂದು ಬೆನ್ನು ತಟ್ಟಿ ಹೋದರು.

ಅವನು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತ, ಕರಡಿಯ ತಲೆ ತೊಡೆಯ ಮೇಲೆ. ಕರಡಿ ನನ್ನನ್ನೇ ನೋಡುತ್ತಿತ್ತು. ಅವನು ಗೋಡೆ ನೋಡುತ್ತಿದ್ದ. ಏನಾದರೂ ಸಮಾಧಾನ ಹೇಳಬೇಕಲ್ಲ.

"ನೋಡಪ್ಪಾ, ದೊಡ್ಡ ಕಲೆ ಹುಟ್ಟೋದೇ ಸಂಕಟದಲ್ಲಿ," ಎಂದೆ.

ಅವನು ಎದ್ದ. ಕರಡಿಯ ತಲೆಯನ್ನು ಜೋಪಾನವಾಗಿ ಎತ್ತಿ ನನ್ನ ತಲೆಗೆ ಕವುಚಿದ. ಒಳಗೆ ಕತ್ತಲೆ, ಬೆವರಿನ ವಾಸನೆ. ಅವನ ದನಿ ದೂರದಿಂದ ಬಂದಂತೆ ಕೇಳಿಸಿತು:

"ಹಾಗಾದ್ರೆ ಮುಂದಿನ ಪಂದ್ಯಕ್ಕೆ ನೀವೇ ಕಲಾವಿದರು, ಭಾವ. ಜಿಪ್ಪು ನಾನು ನೋಡ್ಕೋತೀನಿ, ನಿಮ್ಮಷ್ಟೇ ಚೆನ್ನಾಗಿ."