ಅಪ್ಪನ ಪಾರ್ಟ್ನರ್

ಯಗಟಿಯ ನಮ್ಮ ಮನೆಯಲ್ಲಿ ಈಗಲೂ ಎಲ್ಲರೂ ಹೇಳುವುದು ಹೀಗೆ: ಆ ದಿನ ಕೈತಪ್ಪಿ ಹೋಗುತ್ತಿದ್ದ ಕುರಿ ವ್ಯಾಪಾರವನ್ನು ಚಿಕ್ಕಪ್ಪನ ಮಗ ಅಜ್ಜಂಪುರದಲ್ಲಿ ಇದ್ದುಕೊಂಡೇ ಫೋನಿನಲ್ಲಿ ಉಳಿಸಿಕೊಟ್ಟ. ನಾನು ಒಪ್ಪುವುದಿಲ್ಲ. ಅವನು ಹೇಳಿದ್ದು "ಬಿಡ್ಬೇಡಿ ದೊಡ್ಡಪ್ಪ" ಅಂತ, ಅಷ್ಟೇ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದನ್ನೊಂದು ವಾದ ಎಂದು ಮಂಡಿಸಿದ್ದರೆ ಗಂಟೆ ಬಾರಿಸಿ ಕೂರಿಸುತ್ತಿದ್ದರು.

ಅಪ್ಪ ಅವನನ್ನು ಕರೆಯುವುದು ಪಾರ್ಟ್ನರ್ ಎಂದು. ನಮ್ಮ ಕಡೆ ಈ ಪದ ಬಲು ಅಗ್ಗ. ಕಡೂರು ಬಸ್ ಸ್ಟ್ಯಾಂಡಿನಲ್ಲಿ ಬೆಂಕಿಪೊಟ್ಟಣ ಕೇಳುವ ಅಪರಿಚಿತನೂ "ಪಾರ್ಟ್ನರ್" ಅನ್ನುತ್ತಾನೆ. ತರೀಕೆರೆಯಲ್ಲಿ ಒಟ್ಟಿಗೆ ಪಂಚರ್ ಅಂಗಡಿ ಇಟ್ಟಿರುವ ಭಾವ ಮೈದುನರು ಪರಸ್ಪರ ಮಾತು ಬಿಟ್ಟು ವರ್ಷಗಳಾದರೂ ಗಿರಾಕಿಯ ಮುಂದೆ "ನಮ್ ಪಾರ್ಟ್ನರ್‌ನ ಕೇಳಿ" ಎಂದು ಒಬ್ಬರನ್ನೊಬ್ಬರು ತೋರಿಸುತ್ತಾರೆ. ಬಂಡವಾಳ ಹಾಕಿ ನಷ್ಟಕ್ಕೂ ಹೆಗಲು ಕೊಡುವವನು ಪಾರ್ಟ್ನರ್ ಎಂದು ನಾನು ಬಿ.ಕಾಂ.ನಲ್ಲಿ ಓದಿದ್ದೆ. ಚಿಕ್ಕಪ್ಪನ ಮಗ ಎರಡನ್ನೂ ಮಾಡಿದವನಲ್ಲ. ಆದರೆ ಅಪ್ಪನ ಅರ್ಥ ಬೇರೆ: ಟವಲಿನ ಕೆಳಗೆ ತನ್ನ ಪರವಾಗಿ ಕೈ ಕೊಡಬಲ್ಲವನು ಪಾರ್ಟ್ನರ್.

ನಮ್ಮಲ್ಲಿ ಕುರಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗದಂತೆ ಇಬ್ಬರು ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಕುದುರಿಸುತ್ತಾರೆ. ಅದನ್ನು ಅಪ್ಪ ಮೊದಲು ಕಲಿಸಿದ್ದು ನನಗೆ. ಚಿಕ್ಕವಳಿದ್ದಾಗ, ಕಂಬಳಿಯ ಕೆಳಗೆ, ಆಟದ ಹಾಗೆ. ಆಗ ಚಿಕ್ಕಪ್ಪನ ಮಗ ಕುರಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಅವನಿಗೆ ಮೀಸೆ ಬಂತು, ಮೀಸೆಯ ಹಿಂದೆಯೇ ಆ ಹೆಸರೂ ಬಂತು. ನಾನು "ನಮ್ಮುಡುಗಿ, ಓದ್ತಾವ್ಳೆ" ಆಗಿಯೇ ಉಳಿದೆ. ಅಪ್ಪನ ಫೋನಿನಲ್ಲಿ ಅವನ ನಂಬರಿಗೆ ಪಾರ್ಟ್ನರ್ ಎಂದು ಟೈಪ್ ಮಾಡಿಕೊಟ್ಟವಳೂ ನಾನೇ. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಆ ದಿನ ಅಪ್ಪನ ಬಲಗೈಗೆ ಜಾಲಿಮುಳ್ಳು ಚುಚ್ಚಿ, ಬಾತು, ಬ್ಯಾಂಡೇಜ್ ಆಗಿತ್ತು. ವ್ಯಾಪಾರಕ್ಕೆ ಎಡಗೈ ಕೊಡುವಂತಿಲ್ಲ. ಪಾರ್ಟ್ನರ್ ಅಜ್ಜಂಪುರದ ಕಡೆ ಮರಿ ನೋಡಲು ಹೋಗಿದ್ದ. ಫೋನ್ ಮಾಡಿದರೆ ಆ "ಬಿಡ್ಬೇಡಿ ದೊಡ್ಡಪ್ಪ" ಬಂತು. ತರೀಕೆರೆಯಿಂದ ಬಂದಿದ್ದ ವ್ಯಾಪಾರಿ ಕೊಟ್ಟಿಗೆಯ ಮುಂದೆ ಚಡಪಡಿಸುತ್ತಿದ್ದ. ಪಕ್ಕದಲ್ಲೇ ದಲ್ಲಾಳಿಗಳು ಕಿವಿ ನಿಮಿರಿಸಿಕೊಂಡು ನಿಂತಿದ್ದರು.

"ನಾನ್ ಹೊರಡ್ತೀನಿ ಯಜಮಾನ್ರೇ, ಇನ್ನೂ ಚೌಳಹಿರಿಯೂರ್ಗೆ ಹೋಗ್ಬೇಕು" ಎಂದ ವ್ಯಾಪಾರಿ.

"ನಾನ್ ಕೈ ಕೊಡ್ತೀನಿ" ಎಂದೆ.

ಅವನು ನಕ್ಕ. "ಹೆಣ್ಮಗೀನ ಕೈ ಹಿಡಿದೆ ಅಂತ ಗೊತ್ತಾದ್ರೆ ನಮ್ಮೋಳು ಮನೆಗೇ ಸೇರ್ಸಲ್ಲ ಕಣವ್ವ!"

"ಕುರಿ ಬೇಕೋ ಬ್ಯಾಡ್ವೋ ಹೇಳ್ ಮಾವ. ಮನೆ ವಿಚಾರ ಆಮೇಲ್ ನೋಡನ."

ದಲ್ಲಾಳಿಗಳೂ ನಕ್ಕರು. ವ್ಯಾಪಾರಿ ನಗುತ್ತಲೇ ಕೈ ಚಾಚಿದ. ಅಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಕಿದ. ವ್ಯಾಪಾರಿಯ ಒರಟು ಬೆರಳು ಮೊದಲು ನನ್ನನ್ನು ಪರೀಕ್ಷೆ ಮಾಡುವ ಹಾಗೆ ತೀರಾ ಕಡಿಮೆ ಬೆಲೆ ಒತ್ತಿತು. ನಾನು ಅದಕ್ಕಿಂತ ಹೆಚ್ಚಿನ ಬೆಲೆ ಒತ್ತಿದೆ. ಅವನು ಕೈ ಎಳೆದುಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಬಾಯಿ ಮುಚ್ಚಿಕೊಂಡು ವಾದಿಸಿದ್ದು ನಾನು ಅದೇ ಮೊದಲು. ಕೊನೆಗೆ ಅವನ ಅಂಗೈ ಸಡಿಲವಾಯಿತು, ನನ್ನ ಬೆಲೆಗೆ ಒಪ್ಪಿದ.

"ಅಪ್ಪನ್ ಪಟ್ಟೇ ಕಣವ್ವ ನಿಂದೂ" ಎಂದು ಕೈ ಕೊಡವಿಕೊಂಡು ಕುರಿ ಹತ್ತಿಸಲು ಹೋದ.

ಅಪ್ಪ ನನ್ನ ಕಡೆ ತಿರುಗಿದ. ಏನೋ ಹೇಳುತ್ತಾನೆ ಎಂದುಕೊಂಡೆ. ಎಡಗೈಯಲ್ಲಿ ಫೋನ್ ಕೊಟ್ಟು, "ಪಾರ್ಟ್ನರ್‌ಗೆ ಹಚ್ಚವ್ವ" ಎಂದ. ಹಚ್ಚಿ, ಅಪ್ಪನ ಕಿವಿಗೆ ಹಿಡಿದೆ.

"ಪಾರ್ಟ್ನರ್, ಆಯ್ತು ಕಣೋ! ನೀನೇಳ್ದಂಗೇ ಬಿಡ್ಲಿಲ್ಲ ನೋಡು!"

ಅಜ್ಜಂಪುರದ ನಗು ನನಗೂ ಕೇಳಿಸಿತು. ಟವಲು ಇನ್ನೂ ನನ್ನ ಮುಂಗೈ ಮೇಲೇ ಇತ್ತು.

"ಅಪ್ಪಾ," ಎಂದೆ, "ಇದರ ಕೆಳಗಿದ್ದ ಕೈ ಯಾರ್ದು?"