ಸಿರಿಮನೆಯ ಹಗ್ಗ, ಅಕ್ಕನ ಎಣ್ಣೆ

ಮೂವತ್ತು ವರ್ಷ ಸಿನಿಮಾದಲ್ಲಿ ಹೊಡೆದಾಡಿ ಬದುಕಿದವನು ನಾನು. ಮೊದಲ ಹತ್ತು ವರ್ಷ ಒದೆ ತಿಂದೆ, ಆಮೇಲೆ ಬಡ್ತಿ ಸಿಕ್ಕಿ ಒದೆ ಕೊಟ್ಟೆ. ಒಂದೇ ಒಂದು ವ್ರತವನ್ನು ಭಂಗವಿಲ್ಲದೆ ಪಾಲಿಸಿದ್ದೆ: ನನ್ನ ಬದಲಿಗೆ ಡೂಪ್ ಬೀಳಕೂಡದು. ನಿರ್ಮಾಪಕರು ಕರೆಯುತ್ತಿದ್ದುದೂ ಅದಕ್ಕೇ. ಮುಖ ನೋಡಿ ಯಾರೂ ಕರೆದದ್ದಿಲ್ಲ.

ಐವತ್ತಾರನೆಯ ವಯಸ್ಸಿನಲ್ಲಿ ಸಿರಿಮನೆ ಜಲಪಾತದಲ್ಲಿ ಚಿತ್ರೀಕರಣ ಬಂತು. ಹಗ್ಗ ಹಿಡಿದು ನೀರಿನ ಪಕ್ಕದ ಬಂಡೆ ಹತ್ತಬೇಕು.

"ಆಗದಿದ್ರೆ ಈಗ್ಲೇ ಹೇಳಿ ಸರ್, ಡೂಪ್ ರೆಡಿ ಇದಾನೆ" ಎಂದರು ನಿರ್ದೇಶಕರು.

ಮುಂದಿನ ಚಿತ್ರದ ಹೊಡೆದಾಟವೂ ಅವನಿಗೇ ಎಂದು ಇದರ ಅರ್ಥ. ಆಗುತ್ತದೆ ಎಂದೆ.

ನೋಡಲು ಹತ್ತಿರದ ನಮ್ಮೂರು ಹಿರೇಕೊಡಿಗೆಯಿಂದ ಅಕ್ಕ ಬಂದಿದ್ದಳು. ತೋಟದ ಕೂಲಿಯಲ್ಲೇ ಆಯುಷ್ಯ ಕಳೆದವಳು. ತಂಡದವರು ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಹೆದರಿ ಮೊಣಕಾಲುದ್ದದ ಕಾಲುಚೀಲ ಎಳೆದುಕೊಳ್ಳುತ್ತಿದ್ದುದನ್ನು ಕಂಡು ನಕ್ಕು, ಹೊಗೆಸೊಪ್ಪಿನ ಪುಡಿ ಕಲಸಿದ ಬೇವಿನೆಣ್ಣೆಯ ಶೀಸೆ ತೆಗೆದಳು. ನಾನು ಈ ಸೀಮೆಯವನೇ ಎಂದು ಸಾರಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು, ಎಲ್ಲರೆದುರೇ ಕಾಲಿಗೆ ಗಸಗಸ ತಿಕ್ಕಿಕೊಂಡೆ. ಅಂಗೈಯನ್ನು ಪ್ಯಾಂಟಿಗೆ ಒರೆಸಿದೆ. ಅಷ್ಟು ಸಾಕೆಂದುಕೊಂಡೆ.

ಮೂರಾಳು ಎತ್ತರ ಏರಿದ ಮೇಲೆ ನೀರಿನ ಸಿಡಿತಕ್ಕೆ ಅಂಗೈ ಒದ್ದೆಯಾಗಿ ಉಳಿದ ಎಣ್ಣೆ ಎದ್ದಿತು. ಹಗ್ಗ ಒಂದು ಗೇಣು ಜಾರಿತು. ಮತ್ತೊಂದು ಗೇಣು. ಸೊಂಟಕ್ಕೆ ಬೆಲ್ಟ್ ಇತ್ತು, ನಿಜ. ಆದರೆ ಕ್ಯಾಮೆರಾಕ್ಕೆ ಕಾಣಬಾರದೆಂದು ಅದರ ತಂತಿಯನ್ನು ಸಡಿಲ ಬಿಟ್ಟಿದ್ದರು. ಬಿದ್ದರೆ ಅದು ಬಿಗಿಯುವ ಮೊದಲೇ ಕೆಳಗಿನ ಚೂಪು ಬಂಡೆ ನನ್ನನ್ನು ಬರಮಾಡಿಕೊಳ್ಳುತ್ತಿತ್ತು. ಕೂಗಿದರೆ ವ್ರತ ಹಾಳು, ಕೂಗದಿದ್ದರೆ ನಾನೇ ಹಾಳು. ಇಷ್ಟನ್ನು ತೀರ್ಮಾನಿಸಲು ಬಹಳ ಹೊತ್ತು ತೆಗೆದುಕೊಂಡೆ.

ಕೆಳಗಿನಿಂದ ಅಕ್ಕ ಕೂಗಿದಳು: "ಎಂತ ಮಾರಾಯ, ಅಲ್ಲೇ ನಿಂತ್ಯಲ್ಲ? ಇಂಬಳ ಹತ್ತಿತ್ತಾ?"

ಇಡೀ ತಂಡ ನಕ್ಕಿತು. ನನ್ನ ಬಲಗೈ ಹಗ್ಗದಿಂದ ಕಳಚಿಯೇ ಹೋಯಿತು.

"ಮಾಸ್ಟರ್, ಇಳಿಸಿ! ಕೈಯಲ್ಲಿ ಎಣ್ಣೆ ಇದೆ, ಜಾರ್ತಿದೆ!"

ಸಾಹಸ ನಿರ್ದೇಶಕರು ಕೈ ಎತ್ತಿದರು. ಮೇಲೆ ನಿಂತವರು ತಂತಿ ಬಿಗಿದು ನನ್ನನ್ನು ಮೂಟೆಯಂತೆ ಇಳಿಸಿದರು. ಯಾರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. ನಾನೇ ಅಂಗಿ ಬಿಚ್ಚಿ ಡೂಪ್‌ನ ಕೈಗೆ ಕೊಟ್ಟೆ.

ಅವನು ಹತ್ತತೊಡಗಿದಾಗ ಅಕ್ಕ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

"ಯಾರ್ ಹೆತ್ತ ಮಗನೋ ಪಾಪ. ಇಷ್ಟ್ ವರ್ಷ ನೀನೂ ಹಿಂಗೇ ಮಾಡ್ತಿದ್ಯಾ?"

"ಹೂಂ."

"ನಿಜನಾ? ಸಿನಿಮಾದಾಗೆ ಎಲ್ಲ ಸುಳ್ಳು ಅಂದ್ಕಂಡಿದ್ದೆ ನಾನು."

ಡೂಪ್ ತುದಿ ಮುಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ತಡವಾಗಿ.